ಸೀಟು ಬಿಟ್ಟರೆ ಕಟ್ಟಿದ ಫೀಸು ವಾಪಸ್ ಬರುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಕಾಲೇಜಿಗೆ ಫೀಸು ಕಟ್ಟಿ ಸೀಟು ಹಿಡಿದಿಟ್ಟಿರುತ್ತೀರಿ. ಸ್ವಲ್ಪ ದಿನದಲ್ಲೇ ಇನ್ನೊಂದು ಕಡೆ ಇದಕ್ಕಿಂತ ಒಳ್ಳೆ ಸೀಟು ಸಿಗುತ್ತದೆ. ಇಲ್ಲವೇ ಸೇರಿದ ಮೇಲೆ ಕೋರ್ಸೇ ಹಿಡಿಸುವುದಿಲ್ಲ. ಮನೆಯಲ್ಲಿ ಏನೋ ತೊಂದರೆಯಾಗಿ ಓದು ನಿಲ್ಲಿಸಬೇಕಾಗಿ ಬರುವುದೂ ಉಂಟು. ಕಟ್ಟಿದ ಹಣದ ಗತಿ ಏನು ಎಂಬ ಪ್ರಶ್ನೆ ಆಗ ಏಳುತ್ತದೆ. ಡಿಗ್ರಿ, ಪಿ.ಜಿ., ಪಿಎಚ್.ಡಿ.ಗೆ ಸೇರಿ ಬಿಡುವವರು ಮತ್ತು ಅವರ ಅಪ್ಪ ಅಮ್ಮ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರವಿದೆ. ವಿದೇಶಕ್ಕೆ ಹೋದವರಿಗೂ ಕೊನೆಯ ಹತ್ತಿರ ಒಂದಿಷ್ಟು ಮಾಹಿತಿ ಇದೆ.

ರಸೀದಿಯ ಕೆಳಗೆ "ಒಮ್ಮೆ ಕಟ್ಟಿದ ಶುಲ್ಕ ಹಿಂದಿರುಗಿಸಲಾಗುವುದಿಲ್ಲ" ಅಂತ ಅಚ್ಚಾಗಿದೆ. ಅಲ್ಲಿಗೆ ಮುಗೀತಾ?

ಮುಗಿದಿಲ್ಲ. ಕಾಲೇಜು ತನ್ನ ರಸೀದಿಯಲ್ಲಿ ಏನು ಬೇಕಾದರೂ ಅಚ್ಚು ಹಾಕಿಸಿಕೊಳ್ಳಬಹುದು. ಆದರೆ ಭಾರತದ ವಿಶ್ವವಿದ್ಯಾಲಯಗಳು ಮತ್ತು ಅವುಗಳ ಕಾಲೇಜುಗಳ ಫೀಸು ವಾಪಸಾತಿಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2018ರ ಅಕ್ಟೋಬರ್‌ನಲ್ಲೇ ನಿಯಮ ಹೊರಡಿಸಿದೆ. ಸರ್ಕಾರಿ, ಖಾಸಗಿ, ಡೀಮ್ಡ್ ಎಂಬ ಭೇದ ಅದರಲ್ಲಿಲ್ಲ. ಕೌಂಟರಿನಲ್ಲಿ ಕೂತವರಿಗೆ ಈ ನಿಯಮ ಗೊತ್ತಿಲ್ಲದೆ ಇರಬಹುದು, ಗೊತ್ತಿದ್ದೂ ಹೇಳದೆ ಇರಬಹುದು. ಅದಕ್ಕೇ ಯುಜಿಸಿ ವೆಬ್‌ಸೈಟಿನಿಂದ ಆ ಅಧಿಸೂಚನೆಯ ಒಂದು ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಂಡು ಹೋಗಿ. ಮಾತಿನ ಧಾಟಿಯೇ ಬದಲಾಗುತ್ತದೆ.

ಸರಿ, ಎಷ್ಟು ವಾಪಸ್ ಬರುತ್ತದೆ?

ಇದಕ್ಕೆ ಎರಡು ದಿನಾಂಕ ಬೇಕು. ಒಂದು, ಕಾಲೇಜು ಅಧಿಕೃತವಾಗಿ ಪ್ರಕಟಿಸಿದ ಪ್ರವೇಶದ ಕೊನೆಯ ದಿನ. ಇನ್ನೊಂದು, ಸೀಟು ಬಿಡುತ್ತೇನೆ ಎಂಬ ನಿಮ್ಮ ಪತ್ರ ಅವರ ಕೈ ಸೇರಿದ ದಿನ.

ಕೊನೆಯ ದಿನಕ್ಕೆ 15 ದಿನ ಅಥವಾ ಅದಕ್ಕಿಂತ ಮುಂಚೆ ತಿಳಿಸಿದರೆ ಪೂರ್ತಿ ಹಣ. ಇದರಲ್ಲಿ ಕಚೇರಿ ವೆಚ್ಚ ಎಂದು ಶೇ. 5ರವರೆಗೆ ಹಿಡಿದುಕೊಳ್ಳಬಹುದು, ಆದರೆ ಅದು 5,000 ರೂಪಾಯಿ ದಾಟುವಂತಿಲ್ಲ. ಕೊನೆಯ ದಿನಕ್ಕೆ 15 ದಿನಕ್ಕಿಂತ ಕಡಿಮೆ ಉಳಿದಿದ್ದರೆ ಶೇ. 90. ಕೊನೆಯ ದಿನ ಕಳೆದು 15 ದಿನದೊಳಗಾದರೆ ಶೇ. 80. 15 ದಾಟಿ 30 ದಿನದೊಳಗಾದರೆ ಶೇ. 50. ಮೂವತ್ತೂ ದಾಟಿತೋ, ಸೊನ್ನೆ.

ಒಂದು ಲೆಕ್ಕ ಹಾಕಿ ನೋಡೋಣ. ಫೀಸು 60,000 ಕಟ್ಟಿದ್ದೀರಿ, ಜೊತೆಗೆ ಕಾಷನ್ ಡೆಪಾಸಿಟ್ 5,000. ಪ್ರವೇಶದ ಕೊನೆಯ ದಿನ ಆಗಸ್ಟ್ 31. ಆಗಸ್ಟ್ 10ಕ್ಕೆ ಪತ್ರ ಕೊಟ್ಟರೆ ಹೆಚ್ಚೆಂದರೆ 3,000 ಮುರಿದುಕೊಂಡು 57,000 ಕೊಡಬೇಕು. ಆಗಸ್ಟ್ 25ಕ್ಕೆ ಕೊಟ್ಟರೆ 54,000. ಸೆಪ್ಟೆಂಬರ್ 10ಕ್ಕೆ 48,000. ಸೆಪ್ಟೆಂಬರ್ 25ಕ್ಕೆ 30,000. ಅಕ್ಟೋಬರ್ 5ಕ್ಕೆ ಕೊಟ್ಟರೆ ಫೀಸಿನಲ್ಲಿ ಏನೂ ಇಲ್ಲ. ಆದರೆ ಡೆಪಾಸಿಟ್ಟಿನ 5,000 ಮಾತ್ರ ಈ ಐದೂ ಸಂದರ್ಭದಲ್ಲಿ ಪೂರ್ತಿ ನಿಮ್ಮದೇ. ಅದು ಫೀಸಲ್ಲ, ನಿಮ್ಮ ಹಣವನ್ನು ಅವರು ಇಟ್ಟುಕೊಂಡಿದ್ದಷ್ಟೇ. ಎಷ್ಟೋ ಜನ ಫೀಸಿಗಾಗಿ ಜಗಳ ಆಡಿ ಡೆಪಾಸಿಟ್ ಕೇಳುವುದನ್ನೇ ಮರೆಯುತ್ತಾರೆ.

ಕೆಲವು ವರ್ಷ ಸೆಪ್ಟೆಂಬರ್ ಕೊನೆಯವರೆಗೂ ಪೂರ್ತಿ ವಾಪಸ್ ಕೊಟ್ಟರಂತೆ, ನಿಜಾನಾ?

ನಿಜ. ಪ್ರವೇಶ ಪರೀಕ್ಷೆಗಳು ತಡವಾಗಿ ಸೀಟು ಹಂಚಿಕೆ ಮುಂದಕ್ಕೆ ಹೋದಾಗ ಯುಜಿಸಿ ಆ ವರ್ಷಕ್ಕೆಂದೇ ಬೇರೆ ಸೂಚನೆ ಕೊಟ್ಟಿದೆ. 2024-25ನೇ ಸಾಲಿಗೆ 2024ರ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಹಣ. ಅಕ್ಟೋಬರ್ 31ರೊಳಗೆ ಬಿಟ್ಟವರಿಗೆ 1,000 ರೂಪಾಯಿಗಿಂತ ಜಾಸ್ತಿ ಮುರಿಯುವಂತಿರಲಿಲ್ಲ. ಅದಾದ ಮೇಲೆ 2018ರ ಲೆಕ್ಕ. ಅದರ ಹಿಂದಿನ ವರ್ಷವೂ ಇದೇ ರೀತಿ ಮಾಡಿದ್ದರು. ಆದರೆ ಅಣ್ಣನಿಗೆ ಸಿಕ್ಕಿತ್ತು, ನನಗೂ ಸಿಗುತ್ತದೆ ಅಂತ ಕೂರಬೇಡಿ. ನೀವು ಸೇರಿದ ವರ್ಷದ ಸೂಚನೆ ಯಾವುದು ಅಂತ ಯುಜಿಸಿ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ.

ಕ್ಲಾಸಿಗೆ ಹೋಗೋದನ್ನ ನಿಲ್ಲಿಸಿ ಒಂದು ತಿಂಗಳಾಯ್ತು. ಆ ದಿನದಿಂದ ಲೆಕ್ಕ ಹಿಡಿಯಬಹುದಾ?

ಇಲ್ಲ. ಜನ ಜಾಸ್ತಿ ಹಣ ಕಳೆದುಕೊಳ್ಳುವುದು ಇದೇ ಜಾಗದಲ್ಲಿ. ನೀವು ಹೋಗುವುದು ಬಿಟ್ಟ ದಿನ ಯಾರಿಗೂ ಲೆಕ್ಕವಿಲ್ಲ. ಸೀಟು ಬಿಡುವ ಪತ್ರ ಕಾಲೇಜಿಗೆ ತಲುಪಿದ ದಿನವೇ ಲೆಕ್ಕ, 2018ರ ನಿಯಮದಲ್ಲಿ ಹಾಗೇ ಇದೆ. ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಗೈರು ಬೀಳುತ್ತಾ ಹೋದರೂ ಕಾಗದದ ಮೇಲೆ ನೀವು ಇನ್ನೂ ಆ ಕಾಲೇಜಿನ ವಿದ್ಯಾರ್ಥಿಯೇ.

ಮೇಷ್ಟರಿಗೆ ಬಾಯಲ್ಲಿ ಹೇಳಿದ್ದೆ, ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ಹಾಕಿದ್ದೆ ಎನ್ನುವುದು ನಡೆಯುವುದಿಲ್ಲ. "ಪ್ರಿನ್ಸಿಪಾಲರು ಊರಲ್ಲಿಲ್ಲ, ಸೋಮವಾರ ಬನ್ನಿ" ಅಂದರೆ ಸೋಮವಾರದವರೆಗೆ ಕಾಯಬೇಡಿ. ಶುಕ್ರವಾರಕ್ಕೂ ಸೋಮವಾರಕ್ಕೂ ನಡುವೆ 15 ದಿನದ ಗಡಿ ದಾಟಿಹೋದರೆ ನಿಮಗೆ ಶೇ. 30 ಲುಕ್ಸಾನು. ಪತ್ರವನ್ನು ಕಚೇರಿಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಹಿಂದೇಟು ಹಾಕಿದರೆ ಅವತ್ತೇ ಕಾಲೇಜಿನ ಅಧಿಕೃತ ಇಮೇಲಿಗೆ ಅದೇ ಪತ್ರ ಕಳಿಸಿ, ಜೊತೆಗೆ ಸ್ಪೀಡ್ ಪೋಸ್ಟ್ ಕೂಡ ಮಾಡಿ. ಆನ್‌ಲೈನ್ ಪೋರ್ಟಲಿನಲ್ಲಿ ಕ್ಯಾನ್ಸಲ್ ಮಾಡುವ ವ್ಯವಸ್ಥೆ ಇದ್ದರೆ ಅದರಲ್ಲಿ ಮಾಡಿ, ಕೊನೆಯ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ.

ಯಾವ ಬಾಕಿಯೂ ಇಲ್ಲ ಎಂದು ತೋರಿಸುವ ನೋ ಡ್ಯೂ ಫಾರಂ ವಿಷಯದಲ್ಲೂ ಹುಷಾರು. ಲೈಬ್ರರಿ, ಲ್ಯಾಬ್, ಹಾಸ್ಟೆಲ್, ಕ್ರೀಡಾ ವಿಭಾಗ ಅಂತ ಸಹಿಗಾಗಿ ಅಲೆದು ಅದೆಲ್ಲ ಮುಗಿದ ಮೇಲೆ ಪತ್ರ ಕೊಡಿ ಅನ್ನುತ್ತಾರೆ. ಉಲ್ಟಾ ಮಾಡಿ. ಮೊದಲು ಪತ್ರ, ಆಮೇಲೆ ಸಹಿ. ಲೈಬ್ರರಿ ಪುಸ್ತಕದ ದಂಡ ಬಾಕಿ ಇದ್ದರೆ ಬರುವ ಹಣದಲ್ಲಿ ಮುರಿದುಕೊಳ್ಳಲಿ. ಅದಕ್ಕಾಗಿ ನಿಮ್ಮ ದಿನಾಂಕ ಮುಂದೆ ಹೋಗಬಾರದು.

ಆ ಪತ್ರದಲ್ಲಿ ಏನೇನು ಬರೆಯಬೇಕು?

ಒಂದು ಪುಟ ಸಾಕು. ಹೆಸರು, ಅರ್ಜಿ ಸಂಖ್ಯೆ ಅಥವಾ ರಿಜಿಸ್ಟರ್ ನಂಬರು, ಕೋರ್ಸು, ಸೇರಿದ ದಿನ, ಕಟ್ಟಿದ ಮೊತ್ತ, ರಸೀದಿ ಸಂಖ್ಯೆ, ಹಣ ಹೋಗಬೇಕಾದ ಬ್ಯಾಂಕ್ ಖಾತೆ ಇವಿಷ್ಟು ಇರಬೇಕು. ಒಕ್ಕಣೆ ಹೀಗಿದ್ದರೆ ಸಾಕು: "ಈ ದಿನದಿಂದ ನಾನು ನನ್ನ ಪ್ರವೇಶವನ್ನು ರದ್ದು ಮಾಡಿಕೊಳ್ಳುತ್ತಿದ್ದೇನೆ. ಯುಜಿಸಿ ನಿಯಮದಂತೆ ನನಗೆ ಬರಬೇಕಾದ ಶುಲ್ಕವನ್ನೂ ಡೆಪಾಸಿಟ್ ಹಣವನ್ನೂ 15 ದಿನದೊಳಗೆ ಮೇಲಿನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ."

ಕಾರಣ ಉದ್ದುದ್ದ ಬರೆಯುವ ಅಗತ್ಯವಿಲ್ಲ. "ವೈಯಕ್ತಿಕ ಕಾರಣ" ಅಂದರೆ ಸಾಕು. ಇನ್ನು, "ದಯವಿಟ್ಟು ಪರಿಶೀಲಿಸಿ" ಅಂತ ಬರೆದರೆ ನೀವು ಸೀಟು ಬಿಟ್ಟಿರೋ ಇನ್ನೂ ಯೋಚಿಸುತ್ತಿದ್ದೀರೋ ಎಂಬುದೇ ತಿಳಿಯುವುದಿಲ್ಲ. ಅಂಥ ಗೊಂದಲ ಯಾವಾಗಲೂ ನಿಮ್ಮ ವಿರುದ್ಧವೇ ತಿರುಗುತ್ತದೆ. ಬಿಟ್ಟಿದ್ದೇನೆ ಅಂತ ನೇರವಾಗಿ ಬರೆಯಿರಿ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡಿದ್ದಾರೆ. ಫೀಸು ವಾಪಸ್ ಕೇಳಿದರೆ ಅದನ್ನೂ ಕೊಡಲ್ಲ ಅಂತಾರೆ.

ಇಟ್ಟುಕೊಳ್ಳುವ ಅಧಿಕಾರವೇ ಅವರಿಗಿಲ್ಲ. ಸೇರುವಾಗ ನಿಮ್ಮೆದುರೇ ಒರಿಜಿನಲ್ ನೋಡಿ, ತಾಳೆ ಹಾಕಿ, ಆಗಲೇ ವಾಪಸ್ ಕೊಡಬೇಕು. ನೀವು ಸಹಿ ಮಾಡಿದ ಜೆರಾಕ್ಸ್ ಮಾತ್ರ ಅವರ ಬಳಿ ಇರಬೇಕು. ಇದೂ ಅದೇ 2018ರ ಅಧಿಸೂಚನೆಯಲ್ಲಿದೆ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಯಾವ ಯಾವ ದಾಖಲೆ ಅವರಲ್ಲಿದೆ ಎಂಬ ಪಟ್ಟಿಯನ್ನೂ ಅದೇ ಪತ್ರದಲ್ಲಿ ಬರೆದು ವಾಪಸ್ ಕೇಳಿ. ಇನ್ನೂ ಸೇರದವರು, ದಾಖಲೆ ಕೊಡುವ ಪ್ರಸಂಗ ಬಂದೇ ಬಂದರೆ, ಪಟ್ಟಿಗೆ ಸಹಿ ತೆಗೆದುಕೊಳ್ಳದೆ ಬಿಡಬೇಡಿ.

"ಉಳಿದ ವರ್ಷಗಳ ಫೀಸನ್ನೂ ಕಟ್ಟಿದರೆ ಟಿ.ಸಿ. ಕೊಡ್ತೀವಿ" ಅಂದರೆ?

ಯುಜಿಸಿ ಪ್ರಕಾರ ನೀವು ಓದಲಿರುವ ಸೆಮಿಸ್ಟರ್ ಅಥವಾ ವರ್ಷದ ಫೀಸನ್ನು ಮಾತ್ರ ಮುಂಗಡ ತೆಗೆದುಕೊಳ್ಳಬಹುದು. ಪೂರ್ತಿ ಕೋರ್ಸಿನ ಫೀಸನ್ನು ಒಂದೇ ಸಲಕ್ಕೆ ಕಟ್ಟಿ ಎನ್ನುವಂತಿಲ್ಲ. ಇಸ್ಲಾಮಿಕ್ ಅಕಾಡೆಮಿ ಆಫ್ ಎಜುಕೇಷನ್ ಮತ್ತು ಕರ್ನಾಟಕ ರಾಜ್ಯದ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲೇ ಇದನ್ನು ಹೇಳಿದೆ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ವಿದ್ಯಾರ್ಥಿ ನಡುವೆ ಬಿಟ್ಟು ಹೋಗಬಹುದು ಅನ್ನಿಸಿದರೆ ಸಂಸ್ಥೆ ಬಾಂಡ್ ಅಥವಾ ಬ್ಯಾಂಕ್ ಗ್ಯಾರಂಟಿ ಕೇಳಬಹುದು. ಹಾಗಾಗಿ ಸೇರುವಾಗ ಸಹಿ ಹಾಕಿದ ಕಾಗದಗಳಲ್ಲಿ ಅಂಥ ಬಾಂಡ್ ಇತ್ತೇ ಎಂದು ಮೊದಲು ನೋಡಿ. ಬಾಂಡ್ ಇದ್ದರೆ ವಕೀಲರ ಹತ್ತಿರ ಒಂದು ಮಾತು ಕೇಳುವುದು ಒಳ್ಳೆಯದು. ಇಲ್ಲದಿದ್ದರೆ ಆ ಬೇಡಿಕೆಯನ್ನು ಬರಹದಲ್ಲಿ ಕೊಡಿ ಅಂತ ಕೇಳಿ ನೋಡಿ. ಬಾಯಲ್ಲಿ ಜೋರಾಗಿ ಹೇಳುವವರು ಲೆಟರ್‌ಹೆಡ್ ಮೇಲೆ ಬರೆದುಕೊಡಲು ಹಿಂಜರಿಯುತ್ತಾರೆ.

ಸಿಇಟಿ ಮೂಲಕ ಸಿಕ್ಕ ಸೀಟಿಗೂ ಇದೇ ನಿಯಮಾನಾ?

ಅಲ್ಲಿ ದಾರಿ ಬೇರೆ. ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಕೊಟ್ಟ ಸೀಟನ್ನು ಕೆಇಎ ಹೇಳಿದ ಕ್ರಮದಲ್ಲಿ, ಹೇಳಿದ ದಿನದೊಳಗೆ ರದ್ದು ಮಾಡಿಸಬೇಕು. ಸುತ್ತು ಮುಂದೆ ಹೋದಷ್ಟೂ ಕಡಿತ, ದಂಡ ಎಲ್ಲ ಜಾಸ್ತಿ. ಆ ವರ್ಷದ ಮಾಹಿತಿ ಪುಸ್ತಕದಲ್ಲಿ ಸೀಟು ರದ್ದತಿಯ ಭಾಗವನ್ನು ಆಯ್ಕೆ ತುಂಬುವ ಮೊದಲೇ ಓದಿಕೊಳ್ಳಿ. ಐಐಟಿ, ಎನ್‌ಐಟಿಗಳ ಜೋಸಾ ಎಂಬ ಜಂಟಿ ಸೀಟು ಹಂಚಿಕೆಯಲ್ಲೂ ಸೀಟು ಹಿಂದಿರುಗಿಸುವ ಅವಕಾಶ ಕೊನೆಯ ಸುತ್ತಿಗೆ ಮುಂಚೆಯೇ ಮುಗಿಯುತ್ತದೆ. ಎಂಜಿನಿಯರಿಂಗ್‌ನಂಥ ಕೋರ್ಸುಗಳಿಗೆ ತಾಂತ್ರಿಕ ಶಿಕ್ಷಣದ ಮೇಲುಸ್ತುವಾರಿ ನೋಡುವ ಎಐಸಿಟಿಇ ತನ್ನ ವಾರ್ಷಿಕ ವೇಳಾಪಟ್ಟಿಯಲ್ಲಿ ಸೀಟು ಬಿಡುವ ಕೊನೆಯ ದಿನವನ್ನು ಕೊಡುತ್ತದೆ. ಮೆಡಿಕಲ್ ಸೀಟಿನ ನಿಯಮವೇ ಬೇರೆ, ಅಲ್ಲಿ ಬಿಡುವುದು ತುಂಬಾ ದುಬಾರಿಯಾಗಬಹುದು.

ಹಾಸ್ಟೆಲ್, ಬಸ್ಸು, ಯೂನಿಫಾರಂ ಹಣ?

ಹಾಸ್ಟೆಲ್ ಡೆಪಾಸಿಟ್ ವಾಪಸ್ ಬರಬೇಕು. ರೂಮಿನ ಬಾಡಿಗೆ, ಮೆಸ್ ಮುಂಗಡ ಎಷ್ಟು ಬರುತ್ತದೆ ಎಂಬುದು ಹಾಸ್ಟೆಲ್ಲಿನ ನಿಯಮದ ಮೇಲೆ ನಿಂತಿದೆ. ರೂಮು ಖಾಲಿ ಮಾಡಿದ ದಿನ ವಾರ್ಡನ್ ಹತ್ತಿರ ಬರೆಸಿಕೊಂಡು ಬನ್ನಿ. ಹೊಲಿಸಿಕೊಂಡ ಯೂನಿಫಾರಂ ಹಣವನ್ನು ಮರೆತುಬಿಡಿ.

ಎಜುಕೇಷನ್ ಲೋನ್ ತಗೊಂಡಿದ್ದೆ. ವಾಪಸ್ ಬರೋ ಹಣ ನನ್ನ ಕೈಗೆ ಬರುತ್ತಾ?

ಬ್ಯಾಂಕ್ ನೇರವಾಗಿ ಕಾಲೇಜಿಗೆ ಕಟ್ಟಿದ್ದರೆ ಆ ಹಣ ಸಾಲದ ಖಾತೆಗೇ ಹೋಗಬೇಕು. ನಿಮ್ಮ ಕೈಗೆ ಬಂದರೂ ಕೂಡಲೇ ಅಲ್ಲಿಗೆ ಕಟ್ಟಿ, ಏಕೆಂದರೆ ಬಡ್ಡಿ ಓಡುತ್ತಲೇ ಇರುತ್ತದೆ. ಕಾಲೇಜಿಗೆ ಪತ್ರ ಕೊಟ್ಟ ವಾರದಲ್ಲೇ ಬ್ಯಾಂಕ್ ಶಾಖೆಗೂ ಒಂದು ಪತ್ರ ಕೊಡಿ. ಕೋರ್ಸು ಮುಗಿದ ಮೇಲೆ ಕಂತು ಶುರು ಅಂತ ನೀವು ಅಂದುಕೊಂಡಿರುತ್ತೀರಿ. ಕೋರ್ಸೇ ನಿಂತರೆ ಕಂತು ಬೇಗ ಶುರುವಾಗಬಹುದು. ಕಾಲೇಜು ಮುರಿದುಕೊಂಡ ಭಾಗವೂ ನಿಮ್ಮ ಸಾಲವೇ. ಹೊಸ ಕಾಲೇಜಿಗೆ ಅದೇ ಸಾಲವನ್ನು ಮುಂದುವರಿಸಲು ಆಗುತ್ತದೆಯೇ ಎಂದು ಮ್ಯಾನೇಜರ್ ಹತ್ತಿರ ಮೊದಲೇ ಕೇಳಿ.

ವಿದ್ಯಾರ್ಥಿವೇತನದಿಂದ ಫೀಸು ತುಂಬಿತ್ತು. ಅದೂ ನನಗೆ ಬರುತ್ತಾ?

ಇಲ್ಲ. ಕಟ್ಟಿದವರು ಯಾರೋ ಹಣ ಹೋಗಬೇಕಾದ್ದು ಅವರಿಗೆ. ನಿಮ್ಮ ಜೇಬಿನಿಂದ ಹೋದದ್ದು ಮಾತ್ರ ನಿಮ್ಮದು. ಸೀಟು ಬಿಟ್ಟ ಮೇಲೂ ವಿದ್ಯಾರ್ಥಿವೇತನ ಖಾತೆಗೆ ಬಿದ್ದರೆ ಖರ್ಚು ಮಾಡಬೇಡಿ, ಸಂಬಂಧಪಟ್ಟ ಇಲಾಖೆಗೆ ತಿಳಿಸಿ.

ಪತ್ರ ಕೊಟ್ಟು 15 ದಿನ ಕಳೆದರೂ ಹಣ ಬರಲಿಲ್ಲ. ಈಗ ಯಾರ ಹತ್ತಿರ ಹೋಗೋದು?

ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಕಾಲೇಜಿನದೇ ವಿದ್ಯಾರ್ಥಿ ಕುಂದುಕೊರತೆ ಸಮಿತಿ. ಯುಜಿಸಿಯ 2023ರ ನಿಯಮದ ಪ್ರಕಾರ ದೂರು ಬಂದ 15 ಕೆಲಸದ ದಿನಗಳಲ್ಲಿ ಅದು ವರದಿ ಕೊಡಬೇಕು. ತೀರ್ಮಾನ ಸರಿಬರದಿದ್ದರೆ ವಿಶ್ವವಿದ್ಯಾಲಯ ಮಟ್ಟದಲ್ಲಿ ದೂರು ತೀರ್ಮಾನಿಸುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ 15 ದಿನದೊಳಗೆ ಮೇಲ್ಮನವಿ. ಅಲ್ಲಿ 30 ದಿನದಲ್ಲಿ ಇತ್ಯರ್ಥವಾಗಬೇಕು ಎಂಬುದು ನಿಯಮ. ಇದರ ಜೊತೆಗೆ ಯುಜಿಸಿಯ ಇ-ಸಮಾಧಾನ್ ಪೋರ್ಟಲಿನಲ್ಲಿ ದೂರು ದಾಖಲಿಸಿ. ಸೀಲು ಬಿದ್ದ ಪತ್ರ, ರಸೀದಿ, ಪ್ರವೇಶದ ಕೊನೆಯ ದಿನ ತೋರಿಸುವ ಪ್ರಕಟಣೆ, ಈ ಮೂರನ್ನೂ ಸ್ಕ್ಯಾನ್ ಮಾಡಿ ಅದಕ್ಕೆ ಸೇರಿಸಿ. ಮೂರನೆಯದನ್ನು ಈಗಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಹೊಸ ವರ್ಷದ ಪ್ರವೇಶ ಶುರುವಾದರೆ ಹಳೆ ಪ್ರಕಟಣೆ ವೆಬ್‌ಸೈಟಿನಿಂದ ಮಾಯವಾಗುತ್ತದೆ.

ನಿಯಮ ಮೀರಿದ ಸಂಸ್ಥೆಯ ಅನುದಾನ ತಡೆಯುವುದು, ಮಾನ್ಯತೆ ರದ್ದಿಗೆ ಶಿಫಾರಸು ಮಾಡುವುದು ಯುಜಿಸಿಯ ಕೈಯಲ್ಲಿದೆ. ಪತ್ರ ವ್ಯವಹಾರದಲ್ಲಿ ಯುಜಿಸಿಗೂ ಪ್ರತಿ ಕಳಿಸಿದ್ದೇವೆ ಎಂಬ ಒಂದು ಸಾಲು ಹಾಕಿದರೆ ಕಡತ ಸರಿಯುವ ವೇಗವೇ ಬೇರೆ. ಸರ್ಕಾರಿ ವಿಶ್ವವಿದ್ಯಾಲಯವಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಒಳ್ಳೆ ಅಸ್ತ್ರ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. "ನನ್ನ ಅರ್ಜಿ ಈಗ ಯಾರ ಮೇಜಿನ ಮೇಲಿದೆ, ಯಾವ ದಿನದಿಂದ ಇದೆ" ಅಂತಷ್ಟೇ ಕೇಳಿ.

ಗ್ರಾಹಕ ನ್ಯಾಯಾಲಯಕ್ಕೆ ಹೋಗಬಹುದಾ?

ಅದನ್ನು ಮೊದಲ ದಾರಿಯಾಗಿ ನಂಬಿಕೊಳ್ಳಬೇಡಿ. ಮಹರ್ಷಿ ದಯಾನಂದ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಕೊಟ್ಟ ತೀರ್ಪು ಕಾಲೇಜುಗಳ ಪರವಾಗಿ ಬಳಕೆಯಾಗುತ್ತದೆ. ಶಿಕ್ಷಣ ಗ್ರಾಹಕ ಕಾಯ್ದೆಯಡಿ ಬರುವ ಸೇವೆಯಲ್ಲ ಎಂಬುದು ಅವರ ವಾದ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಖರ್ಚಿಲ್ಲ. ಪ್ರಯತ್ನಿಸಿ, ಆದರೆ ಯುಜಿಸಿ ದಾರಿಯನ್ನು ನಿಲ್ಲಿಸಬೇಡಿ.

ಒಂದು ವರ್ಷ ಓದಿ ಬಿಡ್ತಿದ್ದೇನೆ. ಏನಾದರೂ ಉಳಿಯುತ್ತಾ?

ಓದಿದ ವರ್ಷದ ಫೀಸು ಬರುವುದಿಲ್ಲ, ಅದನ್ನು ಕೇಳುವುದೂ ನ್ಯಾಯವಲ್ಲ. ಡೆಪಾಸಿಟ್ ಬರುತ್ತದೆ. ಹಣಕ್ಕಿಂತ ಬೆಲೆಬಾಳುವುದು ಇನ್ನೊಂದಿದೆ: ಪಾಸಾದ ವಿಷಯಗಳ ಕ್ರೆಡಿಟ್. ನಿಮ್ಮ ವಿಶ್ವವಿದ್ಯಾಲಯವು ಕ್ರೆಡಿಟ್ ಜಮಾ ಇಡುವ ಆನ್‌ಲೈನ್ ವ್ಯವಸ್ಥೆಯಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಸೇರಿದ್ದರೆ ಅವು 7 ವರ್ಷದವರೆಗೆ ಖಾತೆಯಲ್ಲಿರುತ್ತವೆ. ಮುಂದೆ ಬೇರೆ ಕಡೆ ಸೇರುವಾಗ ಬಳಸಿಕೊಳ್ಳಬಹುದು. ಬಿಡುವ ಮುಂಚೆ ಎಲ್ಲ ಸೆಮಿಸ್ಟರಿನ ಅಂಕಗಳು ಅದರಲ್ಲಿ ಏರಿವೆಯೇ ನೋಡಿಕೊಳ್ಳಿ. ಬಿಟ್ಟ ಮೇಲೆ ಅದಕ್ಕಾಗಿ ಅಲೆಯುವುದು ದೊಡ್ಡ ತಲೆನೋವು.

ವಿದೇಶದಲ್ಲಿ ಓದ್ತಾ ಬಿಟ್ಟರೆ?

ಅಲ್ಲೂ ದಿನಾಂಕದ್ದೇ ಆಟ. ಆಸ್ಟ್ರೇಲಿಯಾದಲ್ಲಿ ಪ್ರತಿ ವಿಷಯಕ್ಕೂ ಸೆನ್ಸಸ್ ದಿನ ಅಂತ ಒಂದಿದೆ. ಸರ್ಕಾರಿ ಸಾಲದ ಮೇಲೆ ಓದುವ ಅಲ್ಲಿನ ವಿದ್ಯಾರ್ಥಿಗಳು ಅದರೊಳಗೆ ವಿಷಯ ಬಿಟ್ಟರೆ ಸಾಲ ಏರುವುದಿಲ್ಲ, ಮರುದಿನ ಬಿಟ್ಟರೆ ಪೂರ್ತಿ ಏರುತ್ತದೆ. ನಮ್ಮಿಂದ ಹೋದವರಿಗೆ ವಿಶ್ವವಿದ್ಯಾಲಯದ ಜೊತೆ ಮಾಡಿಕೊಂಡ ಲಿಖಿತ ಒಪ್ಪಂದವೇ ಆಧಾರ. ನೀವೇ ಬಿಟ್ಟರೆ 28 ದಿನದಲ್ಲಿ, ಸಂಸ್ಥೆಯೇ ಕೋರ್ಸು ನಿಲ್ಲಿಸಿದರೆ 14 ದಿನದಲ್ಲಿ ಬರಬೇಕಾದ್ದು ಬರಬೇಕು.

ಇಂಗ್ಲೆಂಡಿನಲ್ಲಿ ಸರ್ಕಾರದ ಫೀಸು ಸಾಲ ವರ್ಷದ ಮೂರು ಅವಧಿಗಳಿಗೆ (ಟರ್ಮ್) ತಕ್ಕಂತೆ ಏರುತ್ತದೆ. ಮೊದಲ ಅವಧಿಗೆ ಶೇ. 25, ಎರಡನೆಯದಕ್ಕೆ ಶೇ. 25, ಮೂರನೆಯದಕ್ಕೆ ಶೇ. 50. ಎಷ್ಟೋ ವಿಶ್ವವಿದ್ಯಾಲಯಗಳು ವಿದೇಶಿಯರಿಗೂ ಇದೇ ರೀತಿ ಲೆಕ್ಕ ಹಾಕುತ್ತವೆ. ಮೂರನೇ ಅವಧಿಯ ಮೊದಲ ವಾರದಲ್ಲಿ ಬಿಡುವುದಕ್ಕಿಂತ ಎರಡನೆಯದರ ಕೊನೆಯ ವಾರದಲ್ಲಿ ಬಿಡುವುದು ಎಷ್ಟು ಅಗ್ಗ ನೋಡಿ.

ಅಮೆರಿಕದಲ್ಲಿ ಫೀಸು ವಾಪಸಾತಿ ಆಯಾ ವಿಶ್ವವಿದ್ಯಾಲಯದ ವೇಳಾಪಟ್ಟಿಯಂತೆ. ಮೊದಲ ವಾರದಲ್ಲಿ ಹೆಚ್ಚು, ಆಮೇಲೆ ವಾರದಿಂದ ವಾರಕ್ಕೆ ಕರಗುತ್ತದೆ. ಅಲ್ಲಿನ ಸರ್ಕಾರಿ ನೆರವು ಪಡೆದವರಿಗೆ ಬೇರೆಯದೇ ಲೆಕ್ಕ. ಸೆಮಿಸ್ಟರಿನ ಶೇ. 60 ಕಳೆಯುವ ಮುಂಚೆ ಬಿಟ್ಟರೆ ಉಳಿದ ದಿನಗಳ ಪಾಲು ಸರ್ಕಾರಕ್ಕೆ ವಾಪಸ್ ಹೋಗುತ್ತದೆ. ಈ ಎರಡು ಲೆಕ್ಕ ತಾಳೆಯಾಗದೆ ಓದೂ ಇಲ್ಲ, ಮೇಲಿಂದ ಕಾಲೇಜಿಗೆ ಬಾಕಿ ಬೇರೆ ಎಂಬ ಸ್ಥಿತಿಗೆ ಅಲ್ಲಿನ ವಿದ್ಯಾರ್ಥಿಗಳು ಬೀಳುವುದುಂಟು.

ನಮ್ಮವರು ಹಣಕ್ಕಿಂತ ಮೊದಲು ವೀಸಾ ನೋಡಬೇಕು. ಅಮೆರಿಕದಲ್ಲಿ ಎಫ್-1 ವೀಸಾದವರು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಅಧಿಕಾರಿಯ ಒಪ್ಪಿಗೆ ಪಡೆದು ಬಿಟ್ಟರೆ ದೇಶ ಬಿಡಲು 15 ದಿನ ಸಿಗುತ್ತದೆ. ಹೇಳದೆ ಬಿಟ್ಟರೆ ಒಂದು ದಿನವೂ ಇಲ್ಲ. ಆ ಅಧಿಕಾರಿಯನ್ನು ಕಂಡ ಮೇಲೆಯೇ ಪೋರ್ಟಲಿನಲ್ಲಿ ವಿಷಯ ಬಿಡುವ ಬಟನ್ ಒತ್ತಿ.

ಕೋಚಿಂಗ್ ಸೆಂಟರಿಗೆ ಕಟ್ಟಿದ್ದೂ ಬರುತ್ತಾ?

ಇದು ಯುಜಿಸಿ ವ್ಯಾಪ್ತಿಯಲ್ಲ. ಆದರೆ ಕೇಂದ್ರ ಶಿಕ್ಷಣ ಸಚಿವಾಲಯ 2024ರ ಜನವರಿಯಲ್ಲಿ ಕೋಚಿಂಗ್ ಸೆಂಟರುಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಪೂರ್ತಿ ಫೀಸು ಕಟ್ಟಿ ನಡುವೆ ಬಿಟ್ಟರೆ ಉಳಿದ ಅವಧಿಯ ಹಣವನ್ನು 10 ದಿನದೊಳಗೆ ಕೊಡಬೇಕು, ಅವರದೇ ಹಾಸ್ಟೆಲ್ಲಿನಲ್ಲಿದ್ದರೆ ಹಾಸ್ಟೆಲ್, ಮೆಸ್ ಹಣವನ್ನೂ ಲೆಕ್ಕ ಹಾಕಿ ಕೊಡಬೇಕು ಎನ್ನುತ್ತದೆ ಅದು. ಮಾರ್ಗಸೂಚಿಯನ್ನು ಜಾರಿ ಮಾಡಬೇಕಾದ್ದು ರಾಜ್ಯ ಸರ್ಕಾರಗಳು. ಹಾಗಾಗಿ ಪತ್ರದಲ್ಲಿ ಅದನ್ನು ಉಲ್ಲೇಖಿಸಿ ಕೇಳಿ.

ಅಪ್ಪ ಆ ಫೀಸಿನ ಮೇಲೆ ತೆರಿಗೆ ವಿನಾಯಿತಿ ತೋರಿಸಿದ್ದರು. ತೊಂದರೆ ಆಗುತ್ತಾ?

ಹಳೆ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ ಈ ಪ್ರಶ್ನೆ. ವಾಪಸ್ ಬಂದ ಮೊತ್ತವನ್ನು ಕಳೆದು ಉಳಿದದ್ದನ್ನು ಮಾತ್ರ ತೋರಿಸಲಿ. ಆಫೀಸಿಗೆ ರಸೀದಿ ಕೊಟ್ಟಾಗಿದ್ದರೂ ರಿಟರ್ನ್ಸ್ ಸಲ್ಲಿಸುವಾಗ ಮೊತ್ತ ಸರಿಮಾಡಬಹುದು.